ಉಸಿರು ಮರಳಿಸುವ ಮದ್ದು: ಓಪಿಯಾಯ್ಡ್ ಓವರ್‌ಡೋಸ್, ನಲಾಕ್ಸೋನ್ ಮತ್ತು ನಮ್ಮ ನಗರ



ಹಬ್ಬದ ದಿನ ಗಸಗಸೆ ಪಾಯಸ ಕುಡಿದು ಮಧ್ಯಾಹ್ನ ಕಣ್ಣೆಳೆದರೆ ‘ಗಸಗಸೆ ತನ್ನ ಕೆಲಸ ಮಾಡಿತು’ ಎಂದು ಮನೆಯವರು ನಗುವುದು ಮೈಸೂರಿನವರಿಗೆ ಹೊಸದಲ್ಲ. ಆ ನಿದ್ದೆಯಲ್ಲಿ ಗಸಗಸೆಗಿಂತ ಹೋಳಿಗೆ, ತುಪ್ಪ, ಅನ್ನಗಳ ಪಾಲೇ ದೊಡ್ಡದು. ಬೀಜದಲ್ಲಿ ಅಮಲಿನ ಅಂಶ ಇಲ್ಲವೆನ್ನುವಷ್ಟು ಕಡಿಮೆ. 1985ರ ಮಾದಕ ದ್ರವ್ಯ ಕಾಯ್ದೆ ಗಸಗಸೆ ಗಿಡದ ಉಳಿದ ಭಾಗಗಳ ಮೇಲೆ ಕಣ್ಣಿಟ್ಟಿದ್ದರೂ ಬೀಜವನ್ನು ಅಡುಗೆಮನೆಗೆ ಬಿಟ್ಟುಕೊಟ್ಟಿದೆ. ಆದರೆ ಅದೇ ಗಿಡದ ಹಸಿ ಕಾಯಿಗೆ ಗೀರು ಹಾಕಿದಾಗ ಒಸರುವ ಹಾಲು ಒಣಗಿದರೆ ಅಫೀಮು. ಅಫೀಮಿನಿಂದ ನೋವು ನೀಗುವ ಮಾರ್ಫಿನ್ ಬರುತ್ತದೆ, ಕೆಮ್ಮಿಗೆ ಕೊಡುವ ಕೋಡೀನ್ ಬರುತ್ತದೆ. ಮಾರ್ಫಿನ್‌ಗೆ ಒಂದಿಷ್ಟು ರಾಸಾಯನಿಕ ಬದಲಾವಣೆ ಮಾಡಿದರೆ ಹೆರಾಯಿನ್. ಅಫೀಮಿನಲ್ಲೇ ಇರುವ ತೀಬೈನ್ ಎಂಬ ಇನ್ನೊಂದು ಆಲ್ಕಲಾಯ್ಡ್‌ನಿಂದ ತಯಾರಾಗುವುದು ನಲಾಕ್ಸೋನ್. ಅಫೀಮು, ಮಾರ್ಫಿನ್, ಕೋಡೀನ್, ಹೆರಾಯಿನ್‌ಗಳ ವಿಷವನ್ನು ಕೆಲವೇ ನಿಮಿಷಗಳಲ್ಲಿ ಇಳಿಸುವ ಮದ್ದು ಅದು. ಉತ್ತರ ಪ್ರದೇಶದ ಗಾಜಿಪುರ, ಮಧ್ಯಪ್ರದೇಶದ ನೀಮಚ್‌ಗಳಲ್ಲಿರುವ ಕೇಂದ್ರ ಸರ್ಕಾರದ ಕಾರ್ಖಾನೆಗಳಲ್ಲಿ ಮಾರ್ಫಿನ್, ಕೋಡೀನ್, ತೀಬೈನ್ ಮೂರನ್ನೂ ಬೇರ್ಪಡಿಸುತ್ತಾರೆ.

ಇಂದು ನಾನು ಪ್ರತಿಪಾದಿಸಲು ಹೊರಟಿರುವ ಮಾತು ಒಂದೇ. ಓಪಿಯಾಯ್ಡ್, ಅಂದರೆ ಅಫೀಮು ಮತ್ತು ಅದರಂತೆ ಕೆಲಸ ಮಾಡುವ ಔಷಧಗಳು, ಮಿತಿಮೀರಿ ಸಾಯುವವರಿಗೆ ನಮ್ಮ ಕಾಲದಲ್ಲಿ ಇಲ್ಲವಾಗಿರುವುದು ಮದ್ದಲ್ಲ. ಮದ್ದು ಅವರ ಹತ್ತಿರ ಇಲ್ಲ, ಹತ್ತಿರ ಇದ್ದವರಿಗೆ ಅದರ ತಿಳಿವಳಿಕೆ ಇಲ್ಲ, ತಿಳಿದವರಿಗೆ ಫೋನ್ ಮಾಡುವ ಧೈರ್ಯ ಇಲ್ಲ.

ಮೊದಲು ಸಮಸ್ಯೆಯ ಗಾತ್ರವನ್ನು ನೋಡೋಣ. ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯಕ್ಕಾಗಿ ದೆಹಲಿಯ ಏಮ್ಸ್ ನಡೆಸಿ 2019ರಲ್ಲಿ ಪ್ರಕಟಿಸಿದ ರಾಷ್ಟ್ರೀಯ ಸಮೀಕ್ಷೆಯ ಅಂದಾಜಿನಂತೆ ದೇಶದಲ್ಲಿ ಸುಮಾರು 2.26 ಕೋಟಿ ಜನ ಯಾವುದಾದರೊಂದು ಓಪಿಯಾಯ್ಡ್ ಬಳಸುತ್ತಾರೆ. ಬಳಕೆಯಲ್ಲಿ ಹೆರಾಯಿನ್ ಮುಂದಿದೆ, ಅದರ ಬೆನ್ನಿಗೇ ಇರುವುದು ಔಷಧದಂಗಡಿಯ ಮಾತ್ರೆ ಮತ್ತು ಸಿರಪ್. ಹಳೆಯ ಕಾಲದ ಅಫೀಮು ಮೂರನೆಯದು. ಚಿಕಿತ್ಸೆಯ ನೆರವು ಬೇಕಾಗುವ ಮಟ್ಟಕ್ಕೆ ಹೋದವರು ಸುಮಾರು 60 ಲಕ್ಷ. ಪಂಜಾಬ್ ಮತ್ತು ಈಶಾನ್ಯದ ರಾಜ್ಯಗಳಷ್ಟು ನಾವು ಈ ಕಷ್ಟ ಕಂಡಿಲ್ಲ, ಅದನ್ನು ಒಪ್ಪಿಕೊಂಡೇ ಮುಂದುವರಿಯುತ್ತೇನೆ. ಆದರೆ ಟ್ಯಾಪೆಂಟಡಾಲ್ ಎಂಬ ನೋವಿನ ಮಾತ್ರೆಯನ್ನು ಕರ್ನಾಟಕದ ಪೊಲೀಸರು ಈಚಿನ ವರ್ಷಗಳಲ್ಲಿ ಹಲವು ಬಾರಿ ವಶಪಡಿಸಿಕೊಂಡಿದ್ದಾರೆ. ಮಾತ್ರೆಯನ್ನು ಪುಡಿ ಮಾಡಿ, ನೀರಲ್ಲಿ ಕದಡಿ, ಸಿರಿಂಜಿನಿಂದ ನರಕ್ಕೆ ಚುಚ್ಚಿಕೊಳ್ಳುತ್ತಾರೆ. ಮಾತ್ರೆಗೆ ಆಕಾರ ಕೊಡಲು ಬೆರೆಸಿದ ಪುಡಿ ರಕ್ತನಾಳಕ್ಕೆ, ಅಲ್ಲಿಂದ ಶ್ವಾಸಕೋಶಕ್ಕೆ ಸೇರುತ್ತದೆ. ಟ್ರಮಡಾಲ್ ಎಂಬ ಇದರ ಸೋದರ ಔಷಧವನ್ನು ಕೇಂದ್ರ ಸರ್ಕಾರ 2018ರ ಏಪ್ರಿಲ್‌ನಲ್ಲಿ ಮಾದಕ ದ್ರವ್ಯ ಕಾಯ್ದೆಯಡಿ ತಂದಿತು. ಟ್ಯಾಪೆಂಟಡಾಲ್ ಮತ್ತು ಕ್ಯಾರಿಸೊಪ್ರೊಡಾಲ್ ಬೆರೆತ ಮಾತ್ರೆಗಳು ಭಾರತದಿಂದ ಪಶ್ಚಿಮ ಆಫ್ರಿಕಕ್ಕೆ ಹೋಗುತ್ತಿದ್ದುದನ್ನು 2025ರ ಫೆಬ್ರುವರಿಯಲ್ಲಿ ಬಿಬಿಸಿ ಬಯಲಿಗೆಳೆದ ಮೇಲೆ ಅವುಗಳ ತಯಾರಿಕೆ ಮತ್ತು ರಫ್ತಿನ ಅನುಮತಿ ರದ್ದಾಯಿತು. ಪರವೂರಿಗೆ ಹೋಗುವ ಮಾತ್ರೆ ಊರಲ್ಲಿ ಉಳಿಯುವುದಿಲ್ಲ ಎಂದು ನಂಬಲು ನನಗಂತೂ ಕಾರಣ ಕಾಣುವುದಿಲ್ಲ.

ಸಾವು ಹೇಗೆ ಬರುತ್ತದೆ ಎಂಬುದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು, ಏಕೆಂದರೆ ಚಿಕಿತ್ಸೆಯ ತರ್ಕವೆಲ್ಲ ಅಲ್ಲೇ ಇದೆ. ನಾವು ಉಸಿರಾಡುವುದನ್ನು ನೆನಪಿಟ್ಟುಕೊಂಡು ಆಡುವುದಿಲ್ಲ. ಮಿದುಳಿನ ಕಾಂಡದಲ್ಲಿರುವ ನರಕೋಶಗಳು ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರಿದಂತೆ ಎಚ್ಚೆತ್ತು ಉಸಿರಿಗೆ ಆಜ್ಞೆ ಕೊಡುತ್ತವೆ. ನಿದ್ದೆಯಲ್ಲೂ ಕೊಡುತ್ತವೆ. ಆ ಕೋಶಗಳ ಮೇಲೆ ಓಪಿಯಾಯ್ಡ್ ಬಂದು ಕೂರುವ ಗ್ರಾಹಿಗಳಿವೆ; ನೋವು ಶಮನವಾಗುವುದೂ ಸುಖ ಸಿಗುವುದೂ ಇದೇ ಜಾತಿಯ ಗ್ರಾಹಿಗಳಿಂದ. ಪ್ರಮಾಣ ಮೀರಿದಾಗ ಡೈಆಕ್ಸೈಡ್ ಎಷ್ಟೇರಿದರೂ ಕೋಶಗಳಿಗೆ ಅದು ಮುಟ್ಟುವುದಿಲ್ಲ. ನಿಮಿಷಕ್ಕೆ ಹನ್ನೆರಡರಿಂದ ಇಪ್ಪತ್ತು ಸಲ ಆಡುವ ಉಸಿರು ಎಂಟಕ್ಕೆ, ಆರಕ್ಕೆ, ನಾಲ್ಕಕ್ಕೆ ಇಳಿಯುತ್ತದೆ. ನಾಲಿಗೆ ಹಿಂದಕ್ಕೆ ಜಾರಿ ಗಂಟಲಿಗೆ ಅಡ್ಡವಾಗುತ್ತದೆ. ಕೊನೆಗೆ ಆಮ್ಲಜನಕವಿಲ್ಲದೆ ಹೃದಯ ನಿಲ್ಲುತ್ತದೆ. ಮೊದಲು ಹೋಗುವುದು ಉಸಿರು, ಹೃದಯ ಆಮೇಲೆ. ಫೆಂಟನಿಲ್‌ನಂಥ ತೀವ್ರ ಔಷಧದಲ್ಲಿ ಇದೆಲ್ಲ ನಿಮಿಷಗಳಲ್ಲೇ ಮುಗಿಯಬಹುದು. ಆದರೆ ಮಾತ್ರೆ ನುಂಗಿದವರಲ್ಲಿ, ಅನೇಕ ವೇಳೆ ಹೆರಾಯಿನ್‌ನಲ್ಲೂ, ಇದು ಗಂಟೆಗಳವರೆಗೆ ಎಳೆಯುತ್ತದೆ. ಆ ಹೊತ್ತಿನಲ್ಲಿ ಮನೆಯಲ್ಲೋ ಲಾಡ್ಜಿನಲ್ಲೋ ಹಾಸ್ಟೆಲಿನಲ್ಲೋ ಪಕ್ಕದಲ್ಲಿ ಹೆಚ್ಚಾಗಿ ಯಾರೋ ಇರುತ್ತಾರೆ. ಅವರಿಗೆ ಕೇಳಿಸುವುದು ಗೊರಕೆ. ‘ಮಲಗಲಿ ಬಿಡು, ಬೆಳಗ್ಗೆ ಸರಿಹೋಗ್ತಾನೆ’ ಎಂದು ಬಾಗಿಲು ಎಳೆದುಕೊಂಡು ಹೋಗುತ್ತಾರೆ. ಅದು ಗೊರಕೆಯಲ್ಲ, ಮುಚ್ಚಿಕೊಳ್ಳುತ್ತಿರುವ ಗಂಟಲಿನ ಸದ್ದು.

ಇಲ್ಲಿ ನಲಾಕ್ಸೋನ್ ಏನು ಮಾಡುತ್ತದೆ? ನಮ್ಮ ಮೈಸೂರಿನ ಗ್ರಾಮಾಂತರ ಬಸ್ ನಿಲ್ದಾಣವನ್ನೇ ನೆನೆಯಿರಿ. ಕೂತಿದ್ದ ಪ್ರಯಾಣಿಕನನ್ನು ಭುಜ ಹಿಡಿದು ಎಬ್ಬಿಸಿ ಆ ಸೀಟಿನಲ್ಲಿ ತಾನು ಕೂರುವ ಗಟ್ಟಿಗನಂತೆ ನಲಾಕ್ಸೋನ್ ಗ್ರಾಹಿಯಿಂದ ಓಪಿಯಾಯ್ಡನ್ನು ಎಬ್ಬಿಸುತ್ತದೆ. ಕೂತು ಏನನ್ನೂ ಮಾಡುವುದಿಲ್ಲ: ನೋವು ಕಳೆಯುವುದಿಲ್ಲ, ಅಮಲು ಕೊಡುವುದಿಲ್ಲ, ಉಸಿರು ತಡೆಯುವುದಿಲ್ಲ. ಸೀಟು ಹಿಡಿದಿರುವುದೇ ಅದರ ಕೆಲಸ. ಆದರೆ ಒಂದು ತೊಡಕು. ಈ ಗಟ್ಟಿಗ ಅರ್ಧ ಗಂಟೆಗೋ ಒಂದೂವರೆ ಗಂಟೆಗೋ ಇಳಿದು ಹೋಗುತ್ತಾನೆ. ಎದ್ದ ಪ್ರಯಾಣಿಕ ಬಸ್ಸಿನಲ್ಲೇ ನಿಂತಿರುತ್ತಾನೆ, ಸೀಟು ಖಾಲಿಯಾದ ಕೂಡಲೇ ಮತ್ತೆ ಕೂರುತ್ತಾನೆ. ಮೆಥಡೋನ್‌ನಂಥ ದೀರ್ಘಕಾಲದ ಔಷಧವಾದರೆ, ಅಥವಾ ನಿಧಾನವಾಗಿ ಕರಗುವ ಮಾತ್ರೆಯಾದರೆ, ಎಚ್ಚರಗೊಂಡು ಮಾತಾಡಿದವನು ಮತ್ತೆ ಮಂಪರಿಗೆ ಜಾರಬಹುದು. ಆದ್ದರಿಂದಲೇ ‘ಕಣ್ಣು ಬಿಟ್ಟ, ಇನ್ನೇನೂ ಭಯವಿಲ್ಲ’ ಎಂದು ಮನೆಗೆ ಕರೆದೊಯ್ಯುವುದು ತಪ್ಪು. ಕನಿಷ್ಠ ಕೆಲವು ಗಂಟೆಯಾದರೂ ಆಸ್ಪತ್ರೆಯ ಕಣ್ಗಾವಲು ಬೇಕು.

ಈ ಮದ್ದಿನ ಇತಿಹಾಸ ಚಿಕ್ಕದು. ಅದಿಲ್ಲದ ಕಾಲದ ವಿಷವೈದ್ಯದ ಪುಸ್ತಕಗಳನ್ನು ತೆರೆದರೆ ಅಫೀಮು ಮಿತಿಮೀರಿದವನ ಹೊಟ್ಟೆಯನ್ನು ಪೊಟ್ಯಾಸಿಯಂ ಪರ್ಮಾಂಗನೇಟ್ ನೀರಿನಿಂದ ತೊಳೆಯಬೇಕು, ಗಟ್ಟಿ ಕಾಫಿ ಕುಡಿಸಬೇಕು, ಇಬ್ಬರು ತೋಳು ಹಿಡಿದು ವರಾಂಡದಲ್ಲಿ ನಡೆದಾಡಿಸಬೇಕು ಎಂಬ ಸಲಹೆಗಳು ಸಿಗುತ್ತವೆ. ನಮ್ಮ ದೇಶದಲ್ಲಿ ಇದು ದೂರದ ಸಂಗತಿಯಾಗಿರಲಿಲ್ಲ. ಅಳುವ ಕೂಸು ಮಲಗಲೆಂದು ಅಫೀಮಿನ ಗುಳಿಗೆ ತಿನ್ನಿಸುವ ರೂಢಿಯನ್ನು 1893–95ರ ರಾಯಲ್ ಅಫೀಮು ಆಯೋಗದ ಕಾಲದಿಂದ ಕಲ್ಕತ್ತದ ಕರ್ನಲ್ ಆರ್.ಎನ್. ಚೋಪ್ರಾ ಅವರ ಅಧ್ಯಯನಗಳವರೆಗೆ ದಾಖಲಿಸಲಾಗಿದೆ. ಕೂಲಿಗೆ ಹೋಗುವ ತಾಯಿಗೆ ಬೇರೆ ದಾರಿ ಇರಲಿಲ್ಲ. ಎಷ್ಟು ಕೂಸುಗಳು ಎಚ್ಚರವಾಗಲಿಲ್ಲ ಎಂಬುದಕ್ಕೆ ಲೆಕ್ಕವಿಡುವವರೂ ಇರಲಿಲ್ಲ. ಕೋಡೀನ್‌ನಿಂದ ಪಡೆದ ಒಂದು ವಸ್ತು ಮಾರ್ಫಿನ್ ಕುಗ್ಗಿಸಿದ ಉಸಿರನ್ನು ಎತ್ತುತ್ತದೆ ಎಂದು ಪೋಲ್ ಎಂಬ ವಿಜ್ಞಾನಿ 1915ರಲ್ಲೇ ಗುರುತಿಸಿದ್ದ. ಅದು ಬಹುಕಾಲ ಮೂಲೆಗೆ ಬಿದ್ದಿತ್ತು. 1950ರ ದಶಕದಲ್ಲಿ ನಾಲಾರ್ಫಿನ್ ಬಳಕೆಗೆ ಬಂತು. ಆದರೆ ಅದು ತಾನೇ ಒಂದಿಷ್ಟು ಓಪಿಯಾಯ್ಡ್ ಗುಣ ಉಳಿಸಿಕೊಂಡಿದ್ದರಿಂದ ಭ್ರಮೆ, ಗಾಬರಿ ತರುತ್ತಿತ್ತು. ನ್ಯೂಯಾರ್ಕಿನಲ್ಲಿ ಜ್ಯಾಕ್ ಫಿಶ್‌ಮನ್ ಮತ್ತು ಮೋಸೆಸ್ ಲೆವೆನ್‌ಸ್ಟೈನ್ ಕೂಡಿ ನಲಾಕ್ಸೋನ್ ತಯಾರಿಸಿ 1961ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದರು. ಅಮೆರಿಕದ ಔಷಧ ಪ್ರಾಧಿಕಾರ 1971ರಲ್ಲಿ ಒಪ್ಪಿಗೆ ಕೊಟ್ಟಿತು. 1983ರಲ್ಲಿ ಅದು ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಗಳ ಪಟ್ಟಿ ಸೇರಿತು. ನಮ್ಮ ರಾಷ್ಟ್ರೀಯ ಅಗತ್ಯ ಔಷಧಗಳ ಪಟ್ಟಿಯಲ್ಲೂ ಇದೆ.

ಪಟ್ಟಿಯಲ್ಲಿರುವ ಆ ಮದ್ದು ನೋಡಲು ಹೇಗಿರುತ್ತದೆ? ಕಿರುಬೆರಳಿನಷ್ಟು ದಪ್ಪದ ಗಾಜಿನ ಆಂಪ್ಯೂಲ್, ಒಳಗೆ ನೀರಿನಂತೆ ಬಣ್ಣವಿಲ್ಲದ ಒಂದು ಮಿಲಿಲೀಟರ್ ದ್ರವ, ಅದರಲ್ಲಿ 0.4 ಮಿಲಿಗ್ರಾಂ ನಲಾಕ್ಸೋನ್. ಕತ್ತು ಮುರಿದು, ಸಿರಿಂಜಿಗೆಳೆದು, ನರಕ್ಕೆ ಕೊಟ್ಟರೆ ಒಂದೆರಡು ನಿಮಿಷದಲ್ಲಿ, ತೊಡೆಯ ಅಥವಾ ತೋಳಿನ ಸ್ನಾಯುವಿಗೆ ಕೊಟ್ಟರೆ ಎರಡರಿಂದ ಐದು ನಿಮಿಷದಲ್ಲಿ ಕೆಲಸ ಶುರು. ಅನುಭವಿ ವೈದ್ಯರು ಇಡೀ ಆಂಪ್ಯೂಲನ್ನು ಒಮ್ಮೆಗೇ ಹರಿಸುವುದು ಕಡಿಮೆ. ಹತ್ತು ಮಿಲಿಲೀಟರ್ ಸಲೈನಿಗೆ ಬೆರೆಸಿ, ಒಂದೊಂದೇ ಮಿಲಿಲೀಟರ್ ಕೊಟ್ಟು, ಎದೆ ಏರಿಳಿಯುವುದನ್ನೇ ನೋಡುತ್ತ ನಿಲ್ಲುತ್ತಾರೆ. ರೋಗಿ ಎದ್ದು ಕೂರಬೇಕೆಂಬುದು ಅವರ ಗುರಿಯಲ್ಲ. ಉಸಿರು ನಿಮಿಷಕ್ಕೆ ಹನ್ನೆರಡರ ಆಸುಪಾಸು ಬಂದರೆ ಸಾಕು. ಹೆಚ್ಚು ಕೊಟ್ಟರೆ ವ್ಯಸನಿಯ ಮೈಯಿಂದ ಓಪಿಯಾಯ್ಡನ್ನು ಒಂದೇ ಏಟಿಗೆ ಕಿತ್ತಂತಾಗಿ ವಾಂತಿ, ಬೆವರು, ನಡುಕ, ಸಿಟ್ಟು ಎಲ್ಲ ಒಟ್ಟಿಗೆ ಮೇಲೇಳುತ್ತವೆ. ಜೀವ ಉಳಿಸಿದವರನ್ನೇ ಬೈದು, ಸಲೈನ್ ನಳಿಕೆ ಕಿತ್ತು ಹೊರಟುಬಿಡುವ ರೋಗಿಗಳುಂಟು. ಅದು ಕೃತಘ್ನತೆಯಲ್ಲ, ದೇಹದ ಯಾತನೆ.

ನಮ್ಮ ಕಡೆಯ ಆಸ್ಪತ್ರೆಗಳಿಗೆ ವಿಶೇಷವಾದ ಒಂದು ತೊಡಕನ್ನು ಇಲ್ಲಿ ಹೇಳಲೇಬೇಕು. ಇರ್ವಿನ್ ರಸ್ತೆಯ ಕೆ.ಆರ್. ಆಸ್ಪತ್ರೆಯಂಥ ಕಡೆ ಪ್ರಜ್ಞೆಯಿಲ್ಲದ ಯುವಕನನ್ನು ತಂದರು, ಕಣ್ಣಿನ ಪಾಪೆ ಸೂಜಿಮೊನೆಯಷ್ಟು ಕುಗ್ಗಿದೆ ಎಂದಿಟ್ಟುಕೊಳ್ಳಿ. ಪಿರಿಯಾಪಟ್ಟಣ, ಹುಣಸೂರು, ಎಚ್.ಡಿ. ಕೋಟೆಗಳ ಹೊಲಗದ್ದೆಗಳ ನಡುವೆ ಇರುವ ನಗರದಲ್ಲಿ ವೈದ್ಯರ ಮನಸ್ಸಿಗೆ ಮೊದಲು ಬರುವುದು ಕ್ರಿಮಿನಾಶಕ. ಬರಬೇಕಾದ್ದೂ ಹೌದು. ಆರ್ಗನೊಫಾಸ್ಫೇಟ್ ಕ್ರಿಮಿನಾಶಕವೂ ಪಾಪೆಯನ್ನು ಹಾಗೇ ಕುಗ್ಗಿಸುತ್ತದೆ, ಅದಕ್ಕೆ ಪ್ರತಿವಿಷ ಅಟ್ರೋಪಿನ್. ವ್ಯತ್ಯಾಸ ಇರುವುದು ಮೈಮೇಲೆ. ಕ್ರಿಮಿನಾಶಕ ಕುಡಿದವನ ಬಾಯಲ್ಲಿ ಜೊಲ್ಲು, ಕಣ್ಣಲ್ಲಿ ನೀರು, ಮೈಯೆಲ್ಲ ಬೆವರು, ಎದೆಯಲ್ಲಿ ಗುರಗುರ, ಬಟ್ಟೆಯಲ್ಲಿ ಭೇದಿ, ಸ್ನಾಯುಗಳ ಅದುರು, ಮೂಗಿಗೆ ಹೊಡೆಯುವ ವಾಸನೆ. ಓಪಿಯಾಯ್ಡ್ ತೆಗೆದುಕೊಂಡವನಲ್ಲಿ ಈ ಹರಿವಿಲ್ಲ. ಹೊಟ್ಟೆಯ ಸದ್ದು ಕೂಡ ಮಂದ. ವಯಸ್ಸಾದ ರಕ್ತದೊತ್ತಡದ ರೋಗಿಯಾದರೆ ಮಿದುಳಿನ ಕಾಂಡದ ರಕ್ತಸ್ರಾವವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಅನುಮಾನ ಉಳಿದರೆ ನಲಾಕ್ಸೋನ್ ಕೊಟ್ಟು ನೋಡಬಹುದು. ಮೈಯಲ್ಲಿ ಓಪಿಯಾಯ್ಡ್ ಇಲ್ಲದವರಿಗೆ ಅದರಿಂದ ತೊಂದರೆ ಇಲ್ಲವೆಂದೇ ಹೇಳಬೇಕು. ನಮ್ಮ ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಅಟ್ರೋಪಿನ್ ಚೆನ್ನಾಗಿ ಗೊತ್ತು. ರೈತರ ಸಾವು ಕಲಿಸಿದ ಪಾಠ ಅದು. ಎರಡನೆಯ ಪಾಠಕ್ಕೂ ಅಷ್ಟೇ ಸಾವುಗಳಾಗಲಿ ಎಂದು ಕಾಯಬೇಕಿಲ್ಲ.

ಇನ್ನು ಆಸ್ಪತ್ರೆ ತಲುಪುವ ಮೊದಲಿನ ಮಾತು. ಮಂಪರಿನಲ್ಲಿರುವವನ ಬಾಯಿಗೆ ಹುಣಸೆಹಣ್ಣಿನ ನೀರು, ನಿಂಬೆರಸ, ಮಜ್ಜಿಗೆ, ಉಪ್ಪುನೀರು ಹುಯ್ಯುವುದು ನಮ್ಮಲ್ಲಿ ಬೇರೂರಿದ ಅಭ್ಯಾಸ. ಕುಡಿದವನ ಅಮಲಿಳಿಸಲು ಕಲಿತದ್ದು ಎಲ್ಲದಕ್ಕೂ ಅನ್ವಯವಾಗಿಬಿಟ್ಟಿದೆ. ನುಂಗುವ ಶಕ್ತಿಯಿಲ್ಲದವನಿಗೆ ಹುಯ್ದದ್ದು ಹೊಟ್ಟೆಗೆ ಹೋಗುವುದಿಲ್ಲ, ಶ್ವಾಸನಾಳಕ್ಕೆ ಹೋಗುತ್ತದೆ. ಕೊಡಗಟ್ಟಲೆ ತಣ್ಣೀರು ಸುರಿಯುವುದು, ಕೆನ್ನೆಗೆ ಬಾರಿಸುವುದು, ಈರುಳ್ಳಿ ಜಜ್ಜಿ ಮೂಗಿಗೆ ಹಿಡಿಯುವುದು, ಇವುಗಳಿಂದ ಹಾಳಾಗುವುದು ಸಮಯ. ಮಾಡಬೇಕಾದ್ದು ಬೇರೆ. ಜೋರಾಗಿ ಹೆಸರು ಹಿಡಿದು ಕೂಗಿ, ಭುಜ ಅಲುಗಿಸಿ, ಎದೆಮೂಳೆಯ ಮೇಲೆ ಮುಷ್ಟಿಯ ಗೆಣ್ಣಿನಿಂದ ಒತ್ತಿ ಉಜ್ಜಿ. ಅಷ್ಟಕ್ಕೂ ಏಳದಿದ್ದರೆ ಉಸಿರನ್ನು ಎಣಿಸಿ. ತುಟಿ ನೀಲಿಗಟ್ಟುತ್ತದೆ ಎಂದು ಪುಸ್ತಕಗಳು ಹೇಳುತ್ತವೆ. ನಮ್ಮ ಕಪ್ಪು, ಗೋಧಿ ಮೈಬಣ್ಣದಲ್ಲಿ ಅದು ಬೂದಿ ಬಣ್ಣವಾಗಿ ಕಾಣುತ್ತದೆ, ಆದ್ದರಿಂದ ತುಟಿಯ ಒಳಭಾಗವನ್ನೂ ಉಗುರನ್ನೂ ನೋಡಿ. 108ಕ್ಕೆ ಕರೆ ಮಾಡಿ, ‘ಪ್ರಜ್ಞೆಯಿಲ್ಲ, ಉಸಿರು ನಿಲ್ಲುತ್ತಿದೆ’ ಎಂಬುದನ್ನೇ ಮೊದಲು ಹೇಳಿ. ಬೆನ್ನ ಮೇಲೆ ಮಲಗಿಸಿ, ಹಣೆ ಹಿಂದಕ್ಕೆ ಬಾಗಿಸಿ, ಗದ್ದ ಎತ್ತಿ. ನಾಲಿಗೆಯ ಅಡ್ಡಿ ಇಷ್ಟರಲ್ಲೇ ಸರಿಯುವುದುಂಟು. ಉಸಿರು ತೀರಾ ಕಡಿಮೆಯಿದ್ದರೆ ಮೂಗು ಹಿಡಿದು ಬಾಯಿಗೆ ಬಾಯಿಟ್ಟು ಐದು ಸೆಕೆಂಡಿಗೊಮ್ಮೆ ಊದಿ, ಎದೆ ಏರುವುದು ಕಾಣುವಷ್ಟು. ಉಸಿರಾಟ ಪೂರ್ತಿ ನಿಂತು ನಾಡಿಯೂ ಸಿಗದಿದ್ದರೆ ಎದೆ ಒತ್ತುವ ಸಿಪಿಆರ್ ಶುರುಮಾಡಿ. ತಾನಾಗಿ ಉಸಿರಾಡತೊಡಗಿದ ಮೇಲೆ ಎಡಮಗ್ಗುಲಿಗೆ ತಿರುಗಿಸಿ ಮಲಗಿಸಿ, ವಾಂತಿ ಗಂಟಲಿಗಿಳಿಯದಂತೆ. ಒಬ್ಬರನ್ನೇ ಬಿಟ್ಟು ಹೋಗಬೇಡಿ.

ಗಮನಿಸಿ, ಇಷ್ಟರಲ್ಲಿ ನಲಾಕ್ಸೋನ್ ಇನ್ನೂ ಬಂದೇ ಇಲ್ಲ. ಮದ್ದಿಗೂ ಮೊದಲು ಗಾಳಿ. ಆಮ್ಲಜನಕವಿಲ್ಲದೆ ಮಿದುಳು ತಡೆಯುವುದು ನಾಲ್ಕೈದು ನಿಮಿಷ. ದಸರೆಯ ಜನಸಂದಣಿಯಲ್ಲಿ ಅಶೋಕ ರಸ್ತೆ ದಾಟಲು ಆಂಬುಲೆನ್ಸಿಗೆ ಅದಕ್ಕಿಂತ ಹೆಚ್ಚು ಹೊತ್ತು ಬೇಕು. ಈ ಲೆಕ್ಕ ಅರಿತವರೇ ಮದ್ದನ್ನು ಆಸ್ಪತ್ರೆಯಿಂದ ಹೊರಗೆ ತಂದರು. ಷಿಕಾಗೊದ ಸ್ವಯಂಸೇವಕರು 1996ರಲ್ಲಿ ಬಳಕೆದಾರರ ಕೈಗೇ ನಲಾಕ್ಸೋನ್ ಕೊಡತೊಡಗಿದರು. ಸ್ಕಾಟ್ಲೆಂಡ್ 2011ರಲ್ಲಿ ಇದನ್ನು ರಾಷ್ಟ್ರೀಯ ಕಾರ್ಯಕ್ರಮ ಮಾಡಿಕೊಂಡಿತು. ವಿಶ್ವ ಆರೋಗ್ಯ ಸಂಸ್ಥೆ 2014ರ ಮಾರ್ಗಸೂಚಿಯಲ್ಲಿ ಓವರ್‌ಡೋಸ್ ಕಣ್ಣಿಗೆ ಬೀಳುವ ಸಂಭವವಿರುವ ಯಾರಿಗೇ ಆಗಲಿ ಇದು ದೊರೆಯಬೇಕೆಂದಿತು. ಮೂಗಿಗೆ ಸಿಂಪಡಿಸುವ 4 ಮಿಲಿಗ್ರಾಂ ಸ್ಪ್ರೇ ಅಮೆರಿಕದಲ್ಲಿ 2015ರಲ್ಲಿ ಬಂತು, 2023ರಿಂದ ಚೀಟಿಯಿಲ್ಲದೆ ಅಂಗಡಿಯಲ್ಲಿ ಸಿಗುತ್ತದೆ. ಕೆನಡಾದ ಬ್ರಿಟಿಷ್ ಕೊಲಂಬಿಯದಲ್ಲಿ ಓದುವ ನಮ್ಮ ಕನ್ನಡದ ಹುಡುಗರನ್ನು ಕೇಳಿ ನೋಡಿ: ಔಷಧದಂಗಡಿಯಲ್ಲಿ ಕಿಟ್ ಪುಕ್ಕಟೆ ಸಿಗುತ್ತದೆ. ಇದೆಲ್ಲ ಶ್ರೀಮಂತ ದೇಶಗಳ ಮಾತು ಎನ್ನುವವರಿಗೆ ಮಣಿಪುರ, ನಾಗಾಲ್ಯಾಂಡ್‌ಗಳನ್ನು ತೋರಿಸುತ್ತೇನೆ. ಅಲ್ಲಿನ ಸ್ವಯಂಸೇವಾ ಸಂಸ್ಥೆಗಳು ಇದೇ ಗಾಜಿನ ಆಂಪ್ಯೂಲ್ ಹಿಡಿದು, ಹಿಂದೆ ತಾವೇ ವ್ಯಸನಿಗಳಾಗಿದ್ದ ಕಾರ್ಯಕರ್ತರಿಗೆ ತರಬೇತಿ ಕೊಟ್ಟು, ಬಹಳ ವರ್ಷಗಳಿಂದ ಜೀವ ಉಳಿಸಿವೆ. ಆದರೆ ನಮ್ಮ ಕಡೆ ನಲಾಕ್ಸೋನ್ ಇವತ್ತಿಗೂ ಮುಖ್ಯವಾಗಿ ಅರಿವಳಿಕೆ ತಜ್ಞರ ಮತ್ತು ತುರ್ತು ವಿಭಾಗದವರ ಮದ್ದು.

ನಲಾಕ್ಸೋನ್ ಎಲ್ಲದಕ್ಕೂ ಮದ್ದಲ್ಲ. 2025ರ ಜುಲೈನಲ್ಲಿ ಮುಂಬೈ ಪೊಲೀಸರು ನಮ್ಮ ಮೈಸೂರಿಗೇ ಬಂದು ಮೆಫೆಡ್ರೋನ್ ತಯಾರಿಸುತ್ತಿದ್ದ ಘಟಕವನ್ನು ಪತ್ತೆಹಚ್ಚಿದಾಗ ಊರು ಬೆಚ್ಚಿಬಿದ್ದಿತು. ಮೆಫೆಡ್ರೋನ್, ಎಂಡಿಎಂಎ, ಕೊಕೇನ್ ಇವು ಉದ್ರೇಕಿಸುವ ವಸ್ತುಗಳು. ಇವುಗಳಲ್ಲಿ ಪಾಪೆ ಹಿಗ್ಗುತ್ತದೆ, ಎದೆ ಡವಗುಟ್ಟುತ್ತದೆ, ಮೈ ಕಾಯುತ್ತದೆ. ಇವಕ್ಕೆ ನಲಾಕ್ಸೋನ್ ನಾಟುವುದಿಲ್ಲ. ಗಾಂಜಾಕ್ಕೂ ಇಲ್ಲ, ಮದ್ಯಕ್ಕೂ ಇಲ್ಲ, ನಿದ್ದೆಮಾತ್ರೆಗೂ ಇಲ್ಲ. ಅದೇ ವರ್ಷದ ಜನವರಿಯಲ್ಲಿ ಮೈಸೂರು ಕೇಂದ್ರ ಕಾರಾಗೃಹದ ಮೂವರು ಕೈದಿಗಳು ಕೇಕಿಗೆ ಹಾಕುವ ಎಸೆನ್ಸ್ ಸೇವಿಸಿ ತೀರಿಕೊಂಡರು. ಅಲ್ಲೂ ಈ ಮದ್ದಿಗೆ ಕೆಲಸವಿರಲಿಲ್ಲ. ಓಪಿಯಾಯ್ಡ್‌ಗಳಲ್ಲೂ ಟ್ರಮಡಾಲ್‌ಗೆ ಅರ್ಧಂಬರ್ಧ ಮಾತ್ರ ಜಗ್ಗುತ್ತದೆ, ಅದು ತರುವ ಫಿಟ್ಸ್ ಬೇರೆ. ಬ್ಯುಪ್ರಿನಾರ್ಫಿನ್ ಗ್ರಾಹಿಯನ್ನು ಅಂಟಿ ಹಿಡಿದಿರುವುದರಿಂದ ಹೆಚ್ಚು ಪ್ರಮಾಣ ಬೇಕಾಗುತ್ತದೆ. ಬೀದಿಯಲ್ಲಿ ಮಾತ್ರೆ, ಮದ್ಯ, ನಿದ್ದೆಗುಳಿಗೆ ಮೂರೂ ಬೆರೆಯುವುದೇ ಹೆಚ್ಚು. ಅಂಥ ಕಡೆಯೂ ಓಪಿಯಾಯ್ಡ್‌ನ ಪಾಲನ್ನು ಕಳೆದರೆ ಉಸಿರಿಗೆ ಅಷ್ಟು ಜಾಗ ಸಿಗುತ್ತದೆ.

ಯಾರು ಸಾಯುತ್ತಾರೆ ಎಂಬ ಪ್ರಶ್ನೆಗೆ ಜನ ಕೊಡುವ ಉತ್ತರ ‘ಚಟ ಜಾಸ್ತಿ ಇದ್ದವರು’. ಅದು ಅರ್ಧ ಸತ್ಯ. ದಿನವೂ ತೆಗೆದುಕೊಳ್ಳುವವನ ದೇಹ ಅಷ್ಟಿಷ್ಟು ತಡೆದುಕೊಳ್ಳಲು ಕಲಿತಿರುತ್ತದೆ. ಕೆಲವು ವಾರ ಬಿಟ್ಟರೆ ಆ ತಡೆ ಇಳಿದುಹೋಗುತ್ತದೆ. ಆದರೆ ಕೈ ಮಾತ್ರ ಹಳೆಯ ಅಳತೆಯನ್ನೇ ನೆನಪಿಟ್ಟುಕೊಂಡಿರುತ್ತದೆ. ಆದ್ದರಿಂದ ಅತಿ ಅಪಾಯದ ಹೊತ್ತು ಎಂದರೆ ವ್ಯಸನಮುಕ್ತಿ ಕೇಂದ್ರದಿಂದ ಮನೆಗೆ ಬಂದ ಮೊದಲ ವಾರಗಳು, ಜೈಲಿನಿಂದ ಬಿಡುಗಡೆಯಾದ ಮೊದಲ ವಾರಗಳು. ಅಮೆರಿಕದ ವಾಷಿಂಗ್ಟನ್ ರಾಜ್ಯದ ಕೈದಿಗಳ ಬಗ್ಗೆ 2007ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಬಿಡುಗಡೆಯಾದ ಮೊದಲ ಎರಡು ವಾರ ಓವರ್‌ಡೋಸ್ ಸಾವಿನ ಸಂಭವ ಉಳಿದ ಜನರಿಗಿಂತ 129 ಪಟ್ಟು ಹೆಚ್ಚಿತ್ತು. ಸ್ಕಾಟ್ಲೆಂಡಿನಲ್ಲಿ ಜೈಲಿನಿಂದ ಹೊರಡುವವರಿಗೆ ನಲಾಕ್ಸೋನ್ ಕಿಟ್ ಕೊಡುವುದು ಇದಕ್ಕೇ. ನಮ್ಮ ವ್ಯಸನಮುಕ್ತಿ ಕೇಂದ್ರಗಳ ಬೀಳ್ಕೊಡುಗೆಯಲ್ಲಿ ಪ್ರತಿಜ್ಞೆ ಮಾಡಿಸುವುದುಂಟು. ಜೊತೆಗೆ ಕರೆದೊಯ್ಯುವ ತಾಯಿಗೋ ಹೆಂಡತಿಗೋ ಈ ಅಪಾಯವನ್ನು ಬಿಡಿಸಿ ಹೇಳುವುದು ಪ್ರತಿಜ್ಞೆಗಿಂತ ಉಪಯುಕ್ತ.

ಇದೇ ಉಸಿರಲ್ಲಿ ಇನ್ನೊಂದು ಮಾತು: ಓವರ್‌ಡೋಸ್ ಭಯದಿಂದ ಕ್ಯಾನ್ಸರ್ ರೋಗಿಯ ಮಾರ್ಫಿನ್ ಕಿತ್ತುಕೊಳ್ಳಬಾರದು. 1985ರ ಕಾಯ್ದೆಯ ಕಟ್ಟುಪಾಡಿನಿಂದ ಆಸ್ಪತ್ರೆಗಳು ಮಾರ್ಫಿನ್ ಇಡುವುದನ್ನೇ ಬಿಟ್ಟಿದ್ದವು. ಸಾವಿರಾರು ರೋಗಿಗಳು ನರಳಿ ಸತ್ತ ಮೇಲೆ 2014ರಲ್ಲಿ ತಿದ್ದುಪಡಿಯಾಗಿ ನಿಯಮ ಸಡಿಲವಾಯಿತು. ವೈದ್ಯರು ಹಂತಹಂತವಾಗಿ ಏರಿಸಿ ಕೊಟ್ಟ ಮಾರ್ಫಿನ್ ಸಾಮಾನ್ಯವಾಗಿ ಉಸಿರು ನಿಲ್ಲಿಸುವುದಿಲ್ಲ. ಮನೆಯ ಬೇರೆಯವರ ಕೈಗೆ, ಮಕ್ಕಳ ಬಾಯಿಗೆ ಅದು ಸಿಗದಂತೆ ಬೀಗ ಹಾಕಿಡುವುದು ನಮ್ಮ ಕೆಲಸ.

ಮದ್ದು ಕೈಗಿಟ್ಟರೆ ಚಟಕ್ಕೆ ಕುಮ್ಮಕ್ಕು ಕೊಟ್ಟಂತಲ್ಲವೆ ಎಂದು ಸಜ್ಜನರು ಕೇಳುತ್ತಾರೆ. ಪ್ರಶ್ನೆಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ನಲಾಕ್ಸೋನ್ ಕೊಡುವುದು ಸುಖವನ್ನಲ್ಲ, ಯಾತನೆಯನ್ನು. ಅದಕ್ಕೆ ಆಸೆಪಟ್ಟು ಯಾರೂ ಹೆಚ್ಚು ಸೇವಿಸುವುದಿಲ್ಲ. ಅದನ್ನು ಹಂಚಿದ ಊರುಗಳ ಅಧ್ಯಯನಗಳಲ್ಲೂ ಬಳಕೆ ಏರಿದ್ದಕ್ಕೆ ಗಟ್ಟಿ ಆಧಾರ ಸಿಕ್ಕಿಲ್ಲ. ಸತ್ತವನು ಚಟ ಬಿಡುವುದಿಲ್ಲ, ಬದುಕಿದವನು ಬಿಟ್ಟಾನು.

ಇದಕ್ಕಿಂತ ಗಟ್ಟಿಯಾದ ಅಡ್ಡಿ ಭಯ. ವಿಷಸೇವನೆ ಎಂದರೆ ಆಸ್ಪತ್ರೆಯಲ್ಲಿ ಎಂಎಲ್‌ಸಿ (ವೈದ್ಯಕೀಯ-ಕಾನೂನು ಪ್ರಕರಣ) ಆಗುತ್ತದೆ, ಠಾಣೆಗೆ ಸುದ್ದಿ ಹೋಗುತ್ತದೆ. ಮಾದಕ ದ್ರವ್ಯ ಕಾಯ್ದೆಯ 27ನೇ ಕಲಂ ಸೇವನೆಯನ್ನೇ ಅಪರಾಧವೆನ್ನುತ್ತದೆ. ಜೊತೆಗಿದ್ದ ಗೆಳೆಯರು ಆಸ್ಪತ್ರೆ ಬಾಗಿಲಲ್ಲಿ ಇಳಿಸಿ ಓಡಿಹೋಗುತ್ತಾರೆ, ಇಲ್ಲವೇ ಕರೆಯನ್ನೇ ಮಾಡುವುದಿಲ್ಲ. ಏನು ತೆಗೆದುಕೊಂಡ ಎಂದು ಹೇಳುವವರಿಲ್ಲದೆ ವೈದ್ಯರು ಕತ್ತಲಲ್ಲಿ ತಡಕಾಡುತ್ತಾರೆ. ಜೀವ ಉಳಿಸುವುದು ಮೊದಲು, ಕಾಗದಪತ್ರ ಆಮೇಲೆ ಎಂದು ಸುಪ್ರೀಂ ಕೋರ್ಟ್ 1989ರ ಪರಮಾನಂದ ಕಟಾರಾ ಪ್ರಕರಣದಲ್ಲೇ ಹೇಳಿದೆ. ಮಾದಕ ದ್ರವ್ಯ ಕಾಯ್ದೆಯಲ್ಲೇ 64ಎ ಎಂಬ ಕಲಂ ಇದೆ. ಸೇವನೆ ಅಥವಾ ಅಲ್ಪ ಪ್ರಮಾಣದ ಪ್ರಕರಣ ಎದುರಿಸುವ ವ್ಯಸನಿ ತಾನಾಗಿ ಚಿಕಿತ್ಸೆಗೆ ಬಂದರೆ ಮೊಕದ್ದಮೆಯಿಂದ ರಕ್ಷಣೆ ಕೊಡುತ್ತದೆ. ಆದರೆ ಗೆಳೆಯನಿಗಾಗಿ ಫೋನ್ ಮಾಡಿದವನಿಗೆ ಅದರಲ್ಲಿ ನೇರವಾದ ಅಭಯವಿಲ್ಲ. ಅಮೆರಿಕದ ನ್ಯೂ ಮೆಕ್ಸಿಕೊ ರಾಜ್ಯ ಅಂಥ ಅಭಯವನ್ನು 2007ರಲ್ಲೇ ಕಾನೂನು ಮಾಡಿತು. ನಮಗೂ ಇದು ಅಪರಿಚಿತ ತತ್ವವಲ್ಲ. ರಸ್ತೆ ಅಪಘಾತದ ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿದವರಿಗೆ ರಕ್ಷಣೆ ಕೊಡುವ ಜೀವರಕ್ಷಕರ ಕಾಯ್ದೆಯನ್ನು ಕರ್ನಾಟಕ 2016ರಲ್ಲಿ ರೂಪಿಸಿತು, 2018ರಲ್ಲಿ ಅದಕ್ಕೆ ರಾಷ್ಟ್ರಪತಿಗಳ ಅಂಕಿತ ಬಿತ್ತು. ಇಡೀ ದೇಶಕ್ಕೆ ಆ ವಿಷಯದಲ್ಲಿ ನಾವು ಮೊದಲಿಗರು. ರಸ್ತೆಯಲ್ಲಿ ಬಿದ್ದವನನ್ನು ಎತ್ತಿದವನಿಗೆ ಕೊಟ್ಟ ರಕ್ಷಣೆಯನ್ನು ಕೋಣೆಯಲ್ಲಿ ಬಿದ್ದವನಿಗಾಗಿ ಕರೆ ಮಾಡಿದವನಿಗೂ ವಿಸ್ತರಿಸಬೇಕು ಎಂದು ನಮ್ಮ ಶಾಸಕರನ್ನು ಕೇಳುವುದು ಅತಿಯಾಸೆಯಲ್ಲ.

ಸಭಿಕರೆ, ಮೈಸೂರಿನಲ್ಲಿ ಇದು ಕೈಗೂಡದ ಕೆಲಸವಲ್ಲ. 1924ರಲ್ಲಿ ಬೆಂಗಳೂರಿನಲ್ಲಿ ಶುರುವಾಗಿ 1930ರಲ್ಲಿ ಇಲ್ಲಿಗೆ ಬಂದ ವೈದ್ಯಕೀಯ ಕಾಲೇಜು ನಮ್ಮ ಪಕ್ಕದಲ್ಲೇ ಇದೆ. ತರಬೇತಿ ಕೊಡಲು ಬೇಕಾದ ಅಧ್ಯಾಪಕರು ಅಲ್ಲಿದ್ದಾರೆ. 108 ಆಂಬುಲೆನ್ಸಿನ ಔಷಧ ಪೆಟ್ಟಿಗೆಯಲ್ಲಿ, ತಾಲ್ಲೂಕು ಆಸ್ಪತ್ರೆ ಮತ್ತು ನಗರ ಆರೋಗ್ಯ ಕೇಂದ್ರಗಳಲ್ಲಿ ನಲಾಕ್ಸೋನ್ ಇದೆಯೆ, ಅವಧಿ ಮುಗಿದಿಲ್ಲವೆ ಎಂಬುದನ್ನು ಜಿಲ್ಲಾ ಆರೋಗ್ಯ ಇಲಾಖೆ ಪರಿಶೀಲಿಸಿ ಪ್ರಕಟಿಸಲಿ. ಕಾರಾಗೃಹದ ವೈದ್ಯರಿಗೂ ವ್ಯಸನಮುಕ್ತಿ ಕೇಂದ್ರಗಳಿಗೂ ಅದು ಸಿಗಲಿ. ಠಾಣೆಯ ಸಿಬ್ಬಂದಿ, ಲಾಡ್ಜುಗಳ ವ್ಯವಸ್ಥಾಪಕರು, ಹಾಸ್ಟೆಲ್ ವಾರ್ಡನ್‌ಗಳು ಕನಿಷ್ಠ ಉಸಿರು ಕೊಡುವುದನ್ನು ಕಲಿಯಲಿ. ಔಷಧದಂಗಡಿಯ ಮಿತ್ರರು ಚೀಟಿಯಿಲ್ಲದೆ ಟ್ಯಾಪೆಂಟಡಾಲ್ ಕೇಳುವ ಹುಡುಗನಿಗೆ ಮಾತ್ರೆ ಕೊಡದಿರಲಿ. ಗದರಿಸಿ ಅಟ್ಟುವ ಬದಲು ಚಿಕಿತ್ಸೆಯ ವಿಳಾಸ ಕೊಡಲಿ. ತುರ್ತಿಗೆ 108, ವ್ಯಸನಮುಕ್ತಿಯ ರಾಷ್ಟ್ರೀಯ ಸಹಾಯವಾಣಿ 14446, ಮನಸ್ಸಿನ ಆರೋಗ್ಯಕ್ಕೆ ಟೆಲಿ ಮಾನಸ್ 14416. ಟೆಲಿ ಮಾನಸ್‌ನಲ್ಲಿ ಕನ್ನಡದಲ್ಲೇ ಮಾತನಾಡಬಹುದು. ಈ ಮೂರು ಸಂಖ್ಯೆಗಳನ್ನು ಸಭೆಯಿಂದ ಏಳುವ ಮೊದಲೇ ನಿಮ್ಮ ಫೋನುಗಳಲ್ಲಿ ಬರೆದುಕೊಳ್ಳಿ ಎಂದು ಕೈಮುಗಿದು ಕೇಳುತ್ತೇನೆ.